ನ್ಯೂರೆಂಬರ್ಗಿನ ಭಾಷಾಸಂಘವೂ ಬೀರುವಿನ ಕೀಲಿಕೈಯೂ



ಈ ಸಲದ ಯುಗಾದಿಯ ಮರುದಿನ ಜರ್ಮನಿಯಿಂದ ನನಗೊಂದು ದೂರವಾಣಿ ಕರೆ ಬಂದಿತು. ಕರೆ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಹಳಗನ್ನಡ ಪದ್ಯ ಬಂದಾಗಲೆಲ್ಲ ಕಿಟಕಿಯಾಚೆಗೆ ದೃಷ್ಟಿ ಹರಿಸುತ್ತಿದ್ದ ಹುಡುಗ. ಈಗ ಅವನು ನ್ಯೂರೆಂಬರ್ಗ್ ನಗರದಲ್ಲಿ ಇಂಜಿನಿಯರ್. ಆಶ್ಚರ್ಯವೆಂದರೆ, ಅಲ್ಲಿರುವ ಕೆಲವು ಕನ್ನಡ ಕುಟುಂಬಗಳನ್ನು ಕೂಡಿಸಿಕೊಂಡು ಮೂರು ವರ್ಷಗಳಿಂದ ಶನಿವಾರ ಮಕ್ಕಳಿಗೆ ಕನ್ನಡ ಪಾಠ ನಡೆಸುತ್ತಿರುವವನು ಅವನೇ! ಹಬ್ಬದ ಶುಭಾಶಯ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದ: "ಸಾರ್, ಮೊದಲು ಹದಿನಾಲ್ಕು ಮಕ್ಕಳಿದ್ದರು. ಈಗ ಐದೇ. ಬಾಡಿಗೆ ನಾನೇ ಕಟ್ಟುತ್ತಿದ್ದೇನೆ. ಮೂರು ವರ್ಷವಾದರೂ ಕಾಗುಣಿತದಿಂದ ಮುಂದೆ ಹೋಗಿಲ್ಲ. ಮುಚ್ಚಿಬಿಡಲೇ ಅನ್ನಿಸುತ್ತಿದೆ."

ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಅವನು ಕುಳಿತು ಮಾತನಾಡುತ್ತಿದ್ದ ಊರಿನ ಹೆಸರು ಮನಸ್ಸಿನಲ್ಲಿ ಉಳಿಯಿತು. ನಿವೃತ್ತಿಯ ನಂತರ ನಾನು ಹಚ್ಚಿಕೊಂಡ ಓದುಗಳಲ್ಲಿ ಎಸ್ಪೆರಾಂಟೊ ಭಾಷೆಯ ಇತಿಹಾಸವೂ ಒಂದು. ಆ ಇತಿಹಾಸದಲ್ಲಿ ಜಗತ್ತಿನ ಮೊತ್ತಮೊದಲ ಎಸ್ಪೆರಾಂಟೊ ಸಂಘವೆಂದು ದಾಖಲಾಗಿರುವುದು ಅದೇ ನ್ಯೂರೆಂಬರ್ಗಿನ ಒಂದು ಪುಟ್ಟ ಕೂಟ. ಅವನ ಪ್ರಶ್ನೆಯನ್ನೇ ಅಲ್ಲಿಯ ಜನ ನೂರಮೂವತ್ತು ವರ್ಷಗಳಿಗೂ ಹಿಂದೆ ತಮಗೆ ತಾವೇ ಕೇಳಿಕೊಂಡಿದ್ದಿರಬೇಕು. ಹೀಗಾಗಿ ಈ ಬಾರಿ ನಿಮ್ಮೆಲ್ಲರ ಮುಂದೆ ಆ ಕಥೆಯನ್ನೇ ಇಡುತ್ತಿದ್ದೇನೆ.

"ಎಸ್ಪೆರಾಂಟೊ ಭಾಷೆಯನ್ನು ರಚಿಸಿದವರು ಯಾರು?" ಎಂಬ ಸಾಮಾನ್ಯಜ್ಞಾನದ ಪ್ರಶ್ನೆಯನ್ನು ನಾನೇ ನಿಮ್ಮಲ್ಲಿ ಹಲವರಿಗೆ ಕೇಳಿದ್ದುಂಟು. "ಡಾ. ಝಾಮೆನ್‌ಹೋಫ್" ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ನೀವು ಕುಳಿತುಕೊಳ್ಳುತ್ತಿದ್ದಿರಿ. ಅಲ್ಲಿಗೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಒಂದು ಭಾಷೆಯನ್ನು ಒಬ್ಬ ಮನುಷ್ಯ ಬರೆದಿಟ್ಟ ಮಾತ್ರಕ್ಕೆ ಅದು ಬದುಕುವುದಾದರೂ ಹೇಗೆ ಎಂದು ನಾನೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ತಾಯಿಯ ಮಡಿಲಿಲ್ಲದ, ರಾಜ್ಯವಿಲ್ಲದ, ಸಂತೆಯಿಲ್ಲದ ಭಾಷೆಗೆ ಇರುವ ಮನೆ ಯಾವುದು? ಬಾಡಿಗೆಯ ಒಂದು ಕೋಣೆ, ವಾರಕ್ಕೊಂದು ಸಂಜೆ, ಒಂದಷ್ಟು ಕುರ್ಚಿ, ಒಬ್ಬ ಕಾರ್ಯದರ್ಶಿ. ಇಷ್ಟೇ.

ಕಥೆ ಆರಂಭವಾಗುವುದು ಎಸ್ಪೆರಾಂಟೊಗಿಂತ ಮೊದಲೇ. ಜರ್ಮನಿಯ ಬಾಡೆನ್ ಪ್ರಾಂತದ ಯೋಹಾನ್ ಮಾರ್ಟಿನ್ ಶ್ಲೈಯರ್ ಎಂಬ ಕ್ಯಾಥೊಲಿಕ್ ಪಾದ್ರಿಗಳು 1879ರ ಸುಮಾರಿಗೆ "ವೋಲಾಪ್ಯೂಕ್" ಎಂಬ ವಿಶ್ವಭಾಷೆಯೊಂದನ್ನು ರಚಿಸಿದರು. "ವೋಲ್" ಎಂದರೆ ಜಗತ್ತು, "ಪ್ಯೂಕ್" ಎಂದರೆ ನುಡಿ. ಇಂಗ್ಲಿಷಿನ ವರ್ಲ್ಡ್ ಮತ್ತು ಸ್ಪೀಕ್ ಪದಗಳನ್ನು ಅವರು ಹೀಗೆ ಹಿಂಡಿ, ಹಿಪ್ಪೆಮಾಡಿ, ಗುರುತು ಸಿಗದಂತೆ ಮಾಡಿದ್ದರು. ಇಂದು ನಮಗೆ ನಗು ಬರಬಹುದು. ಆದರೆ ಅಂದು ಯುರೋಪಿನ ಊರೂರುಗಳಲ್ಲಿ ವೋಲಾಪ್ಯೂಕ್ ಸಂಘಗಳು ಹುಟ್ಟಿಕೊಂಡವು. ಹತ್ತು ವರ್ಷ ತುಂಬುವಷ್ಟರಲ್ಲಿ ಅವುಗಳ ಸಂಖ್ಯೆ 280ನ್ನು ದಾಟಿತ್ತೆಂದೂ ಇಪ್ಪತ್ತೈದು ಪತ್ರಿಕೆಗಳು ನಡೆಯುತ್ತಿದ್ದವೆಂದೂ ಅಂದಿನ ಲೆಕ್ಕ ಹೇಳುತ್ತದೆ. 1889ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೂರನೆಯ ಸಮ್ಮೇಳನದ ಕಲಾಪಗಳು ವೋಲಾಪ್ಯೂಕಿನಲ್ಲಿಯೇ ಜರುಗಿದವು.

ಅಷ್ಟು ದೊಡ್ಡ ಮರ ಕೆಲವೇ ವರ್ಷಗಳಲ್ಲಿ ಉರುಳಿಬಿದ್ದಿತು. ವ್ಯಾಕರಣ ಕಠಿಣವಾಗಿತ್ತೆಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯ ಕಾರಣ ಬೇರೆಯಿದೆ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಡಚ್ ಪ್ರಾಧ್ಯಾಪಕ ಆಗಸ್ಟ್ ಕೆರ್ಕ್‌ಹಾಫ್ಸ್ ಮೊದಲಾದವರು ಭಾಷೆಯನ್ನು ಸರಳಗೊಳಿಸಬೇಕೆಂದರು. ಶ್ಲೈಯರ್ ಪಾದ್ರಿಗಳು ಒಪ್ಪಲಿಲ್ಲ. ಭಾಷೆ ತಮ್ಮದು, ಅದರ ವಿಷಯದಲ್ಲಿ ಕೊನೆಯ ಮಾತೂ ತಮ್ಮದೇ ಎಂಬುದು ಅವರ ನಿಲುವು. ಜಗಳ ಹತ್ತಿತು. ಸಂಘಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಅವರನ್ನು ನಾನು ಸುಲಭವಾಗಿ ದೂಷಿಸಲಾರೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ನ್ಯೂರೆಂಬರ್ಗಿನಲ್ಲಿಯೂ 1885ರ ಫೆಬ್ರವರಿಯಲ್ಲಿ ಇಂತಹ ವೋಲಾಪ್ಯೂಕ್ ಸಂಘವೊಂದು ಸ್ಥಾಪಿತವಾಗಿತ್ತು. ಅವರು ಇಟ್ಟುಕೊಂಡ ಹೆಸರು "ವಿಶ್ವಭಾಷಾ ಸಂಘ". ಈ ಹೆಸರಿನಲ್ಲಿ ವೋಲಾಪ್ಯೂಕ್ ಎಂಬ ಶಬ್ದ ಇಲ್ಲದಿರುವುದನ್ನು ಗಮನಿಸಿ. ಅದು ಯೋಚಿಸಿ ಮಾಡಿದ್ದೋ ಆಕಸ್ಮಿಕವೋ, ಮುಂದೆ ಅವರಿಗೆ ಅನುಕೂಲವಾಯಿತು. ಸಂಘದ ಚಾಲಕಶಕ್ತಿಯಾಗಿದ್ದವರು ಲಿಯೋಪೋಲ್ಡ್ ಐನ್‌ಸ್ಟೈನ್ ಎಂಬ ಪತ್ರಕರ್ತರು. (ಭೌತವಿಜ್ಞಾನಿ ಐನ್‌ಸ್ಟೈನರಲ್ಲ. ಅವರು ಆಗ ಹತ್ತು ತುಂಬದ ಬಾಲಕ.) ಜೊತೆಗಿದ್ದವರು ಕ್ರಿಶ್ಚಿಯನ್ ಶ್ಮಿಟ್.

ಇತ್ತ ವಾರ್ಸಾದಲ್ಲಿ, 1887ರ ಜುಲೈ ತಿಂಗಳಲ್ಲಿ, ಕಣ್ಣಿನ ವೈದ್ಯ ಲೂದ್ವಿಕ್ ಝಾಮೆನ್‌ಹೋಫ್ ತೆಳುವಾದ ಪುಸ್ತಿಕೆಯೊಂದನ್ನು ಪ್ರಕಟಿಸಿದರು. ವಯಸ್ಸು ಆಗ ಇಪ್ಪತ್ತೇಳು. ಅಚ್ಚಿನ ವೆಚ್ಚಕ್ಕೆ ಮಾವನವರ ನೆರವು. ಪುಸ್ತಿಕೆಯ ಮೇಲೆ ಸ್ವಂತ ಹೆಸರಿಲ್ಲ, "ಡಾಕ್ಟರ್ ಎಸ್ಪೆರಾಂಟೊ" ಎಂಬ ಗುಪ್ತನಾಮವಿದೆ. ಆ ಪದದ ಅರ್ಥ "ಆಶಿಸುವವನು". ಕಾಲಾಂತರದಲ್ಲಿ ಲೇಖಕನ ಹೆಸರೇ ಭಾಷೆಯ ಹೆಸರಾಯಿತು. ಪುಸ್ತಿಕೆಯಲ್ಲಿ ಹದಿನಾರು ನಿಯಮಗಳ ವ್ಯಾಕರಣ, ಒಂಬೈನೂರರಷ್ಟು ಮೂಲಪದಗಳ ಪಟ್ಟಿ, ಜೊತೆಗೆ ಕತ್ತರಿಸಿ ಕಳುಹಿಸಬಹುದಾದ ಕೆಲವು ಚೀಟಿಗಳು. ಒಂದು ಕೋಟಿ ಜನ ಇದೇ ರೀತಿ ಮಾತು ಕೊಟ್ಟರೆ ನಾನೂ ಈ ಭಾಷೆಯನ್ನು ಕಲಿಯುತ್ತೇನೆ ಎಂಬ ವಾಗ್ದಾನದ ಚೀಟಿಗಳವು! ಅದೇ ಪುಸ್ತಿಕೆಯಲ್ಲಿ, ದೇಶಭಾಷೆಗಳಂತೆಯೇ ಅಂತರರಾಷ್ಟ್ರೀಯ ಭಾಷೆಯೂ ಎಲ್ಲರ ಸೊತ್ತು, ಇದರ ಮೇಲೆ ನನಗೆ ಯಾವ ಹಕ್ಕೂ ಬೇಡ ಎಂದು ಲೇಖಕರು ಬರೆದುಬಿಟ್ಟಿದ್ದರು. ಶ್ಲೈಯರ್ ಪಾದ್ರಿಗಳಿಗೂ ಇವರಿಗೂ ಇದ್ದ ವ್ಯತ್ಯಾಸ ಈ ಒಂದು ಸಾಲಿನಲ್ಲಿದೆ ಎಂದು ನನ್ನ ಅಭಿಪ್ರಾಯ.

ಕೋಟಿ ಚೀಟಿಗಳು ಬರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. 1889ರಲ್ಲಿ ಝಾಮೆನ್‌ಹೋಫ್ ಅವರು ಪ್ರಕಟಿಸಿದ ಮೊದಲ ವಿಳಾಸಪುಸ್ತಕದಲ್ಲಿ ಇದ್ದವರು ಒಂದು ಸಾವಿರ ಮಂದಿ. ಅವರಲ್ಲಿ ಒಂಬೈನೂರಕ್ಕೂ ಹೆಚ್ಚು ಜನ ರಷ್ಯಾ ಸಾಮ್ರಾಜ್ಯದವರು.

ಆ ಪುಸ್ತಿಕೆ ನ್ಯೂರೆಂಬರ್ಗಿಗೂ ತಲುಪಿತು. ಐನ್‌ಸ್ಟೈನರು ಓದಿದರು. ಅದನ್ನು ಮೆಚ್ಚಿ 1888ರಲ್ಲಿ ಜರ್ಮನ್ ಭಾಷೆಯಲ್ಲಿ ತಾವೇ ಒಂದು ಕಿರುಹೊತ್ತಗೆ ಬರೆದರು. ಆ ವರ್ಷದ ಡಿಸೆಂಬರಿನಲ್ಲಿ ನ್ಯೂರೆಂಬರ್ಗಿನ ಸಂಘ ವೋಲಾಪ್ಯೂಕನ್ನು ತೊರೆದು ಹೊಸ ಭಾಷೆಯನ್ನು ಸ್ವೀಕರಿಸಿತು.

ಶಿಕ್ಷಕನಾಗಿ ನನ್ನ ಮನಸ್ಸು ತಂಗುವುದು ಇಲ್ಲಿಯೇ. ಆ ಜನ ಸುಮಾರು ನಾಲ್ಕು ವರ್ಷ ಒಂದು ಕಷ್ಟದ ಭಾಷೆಯನ್ನು ಉರುಹಚ್ಚಿದವರು. ಹಗಲೆಲ್ಲ ದುಡಿದು ಸಂಜೆ ಬಂದು ಕ್ರಿಯಾಪದಗಳ ರೂಪಗಳನ್ನು ಬಾಯಿಪಾಠ ಮಾಡಿದವರು. ಅಷ್ಟನ್ನೂ ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಅಕ್ಷರಾಭ್ಯಾಸಕ್ಕೆ ಕುಳಿತುಕೊಳ್ಳುವುದೆಂದರೆ ಸಣ್ಣ ಮಾತೇ? ಪಠ್ಯಪುಸ್ತಕ ಬದಲಾದ ವರ್ಷ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಕೇಳಿಬರುತ್ತಿದ್ದ ನಿಟ್ಟುಸಿರುಗಳನ್ನು ಬಲ್ಲ ನನಗೆ ಇದು ಸಣ್ಣದೆನಿಸುವುದಿಲ್ಲ. ಅವರಿಗೆ ಭಾಷೆಗಿಂತ ಕೂಟ ಮುಖ್ಯವಾಗಿತ್ತೇನೋ! ಕೂಟ ಉಳಿದಿದ್ದರಿಂದಲೇ ಹೊಸ ಭಾಷೆಗೆ ಒಂದು ಚಾವಣಿ ಸಿಕ್ಕಿತು.

1889ರ ಸೆಪ್ಟೆಂಬರ್ 1ರಂದು ಅದೇ ಊರಿನಿಂದ "ಲಾ ಎಸ್ಪೆರಾಂತಿಸ್ತೊ" ಎಂಬ ಮೊದಲ ಪತ್ರಿಕೆ ಹೊರಟಿತು. ಸಂಘದ ಪುಟ್ಟ ಬಳಗವೇ ಅದರ ಹೊಣೆ ಹೊತ್ತಿತು. ಮರುವರ್ಷವೇ, 1890ರಲ್ಲಿ, ಐನ್‌ಸ್ಟೈನರು ತೀರಿಕೊಂಡರು. ಚಂದಾದಾರರು ಬೆರಳೆಣಿಕೆಯಷ್ಟು, ಸಾಲ ಮಾತ್ರ ಹೇರಳ. ಪತ್ರಿಕೆ ಝಾಮೆನ್‌ಹೋಫ್ ಅವರ ಹೆಗಲೇರಿತು. ಅವರಾಗಲೇ ಕೈಯಲ್ಲಿದ್ದ ಹಣವನ್ನೆಲ್ಲ ಈ ಕಾರ್ಯಕ್ಕೆ ಕರಗಿಸಿ ನಿಂತಿದ್ದರು. ಆಗ ಆಧಾರವಾದವರು ವೆಸ್ಟ್‌ಫಾಲಿಯಾದ ಶಾಲ್ಕೆ ಎಂಬಲ್ಲಿನ ಒಬ್ಬ ಮೋಜಿಣಿದಾರರು, ವಿಲ್ಹೆಲ್ಮ್ ಟ್ರೋಂಪೇಟರ್. ಶ್ರೀಮಂತರೇನಲ್ಲ. ಸಂಪಾದಕರ ಸಂಬಳಕ್ಕೆಂದು ತಿಂಗಳಿಗೆ ನೂರು ಮಾರ್ಕುಗಳಂತೆ ಮೂರು ವರ್ಷ ತಮ್ಮ ಕೈಯಿಂದ ಕೊಟ್ಟರು. ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಈ ಹೆಸರು ಬರುವುದೇ ಇಲ್ಲ. "ಬಾಡಿಗೆ ನಾನೇ ಕಟ್ಟುತ್ತಿದ್ದೇನೆ" ಎಂದು ನಮ್ಮ ಹುಡುಗ ಹೇಳಿದಾಗ ನನಗೆ ನೆನಪಾದವರು ಇವರೇ.

ಇನ್ನು 1894. ಭಾಷೆಯನ್ನು ಬದಲಿಸಬೇಕೆಂಬ ಕೂಗು ಎಸ್ಪೆರಾಂಟೊ ಬಳಗದಲ್ಲಿಯೂ ಎದ್ದಿತು. ಝಾಮೆನ್‌ಹೋಫ್ ಅವರು ಹಟ ಹಿಡಿಯಲಿಲ್ಲ. ತಿದ್ದುಪಡಿಗಳ ಕರಡನ್ನು ತಾವೇ ಸಿದ್ಧಪಡಿಸಿ, ಪತ್ರಿಕೆಯಲ್ಲಿ ಅಚ್ಚುಹಾಕಿಸಿ, ಚಂದಾದಾರರ ಮತಕ್ಕೆ ಬಿಟ್ಟರು. ಚಲಾವಣೆಯಾದ 264 ಮತಗಳಲ್ಲಿ 157 ಮತಗಳು ಯಾವ ಬದಲಾವಣೆಯೂ ಬೇಡವೆಂದವು. ಒಂದು ಜಾಗತಿಕ ಭಾಷೆಯ ಹಣೆಬರಹ ನಮ್ಮೂರ ಗ್ರಾಮಪಂಚಾಯಿತಿಯ ಒಂದು ವಾರ್ಡಿನ ಚುನಾವಣೆಗಿಂತ ಕಡಿಮೆ ಮತಗಳಲ್ಲಿ ತೀರ್ಮಾನವಾಯಿತು! ಆದರೆ ಮತ ಹಾಕಿದವರು ಅದನ್ನು ದಿನವೂ ಬಳಸುವವರು. ಸೃಷ್ಟಿಕರ್ತನೇ ಮುಂದಿಟ್ಟ ಬದಲಾವಣೆಯನ್ನು ಬೇಡವೆನ್ನುವ ಅಧಿಕಾರ ಅವರಿಗಿತ್ತು, ಅವರು ಅದನ್ನು ಚಲಾಯಿಸಿದರು. ವಿಪರ್ಯಾಸವೆಂದರೆ, ಬದಲಾವಣೆ ಬಯಸಿದ್ದ ನ್ಯೂರೆಂಬರ್ಗಿನ ಹಲವರು ಈ ಫಲಿತಾಂಶದ ನಂತರ ಬೇರೆ ಬೇರೆ ಭಾಷಾಯೋಜನೆಗಳ ಕಡೆ ಹೊರಟುಹೋದರು. ಮೊದಲ ದೀಪ ಹಚ್ಚಿದ ಮನೆಯಲ್ಲಿಯೇ ದೀಪ ಮಂಕಾಯಿತು. ಮರುವರ್ಷ ಇನ್ನೊಂದು ಪೆಟ್ಟು. ಟಾಲ್‌ಸ್ಟಾಯ್ ಅವರ ಧಾರ್ಮಿಕ ವಿಚಾರದ ಬರಹವೊಂದನ್ನು ಪತ್ರಿಕೆ ಪ್ರಕಟಿಸಿದ್ದರಿಂದ ರಷ್ಯಾದ ಸೆನ್ಸಾರ್ ಅದರ ಪ್ರವೇಶವನ್ನು ನಿಷೇಧಿಸಿತು. ಓದುಗರಲ್ಲಿ ಬಹುಪಾಲು ಅಲ್ಲಿಯವರೇ ಆಗಿದ್ದರಿಂದ 1895ರಲ್ಲಿ ಪತ್ರಿಕೆ ನಿಂತಿತು.

ಆಗ ಕೈಚಾಚಿದ್ದು ಸ್ವೀಡನ್ನಿನ ಉಪ್ಸಾಲಾ ಎಂಬ ವಿಶ್ವವಿದ್ಯಾಲಯದ ಊರಿನ ಒಂದು ಸಂಘ. 1891ರಲ್ಲಿ ವಾಲ್ಡೆಮಾರ್ ಲಾಂಗ್ಲೆಟ್ ಎಂಬ, ಇಪ್ಪತ್ತೂ ತುಂಬದ ತರುಣನೊಬ್ಬ ಗೆಳೆಯರೊಡನೆ ಅದನ್ನು ಕಟ್ಟಿದ್ದ. ನ್ಯೂರೆಂಬರ್ಗಿನ ನಂತರ ಹುಟ್ಟಿದ ಅತಿ ಹಳೆಯ ಸಂಘಗಳಲ್ಲಿ ಇದೊಂದು. 1895ರ ಡಿಸೆಂಬರಿನಲ್ಲಿ ಆ ಹುಡುಗರು "ಲಿಂಗ್ವೊ ಇಂತೆರ್ನತ್ಸೀಯ" ಎಂಬ ಹೊಸ ಪತ್ರಿಕೆ ಹೊರಡಿಸಿ, ಕಡಿದ ತಂತಿಯನ್ನು ಮತ್ತೆ ಜೋಡಿಸಿದರು. ಅದು ಮುಂದೆ ಹಂಗೇರಿಗೂ ಅಲ್ಲಿಂದ ಪ್ಯಾರಿಸ್ಸಿಗೂ ಹೋಗಿ 1914ರವರೆಗೆ ಬಾಳಿತು.

ಝಾಮೆನ್‌ಹೋಫ್ ಅವರು ತಮ್ಮ ಬಾಲ್ಯದ ಬಿಯಾಲಿಸ್ಟೋಕ್ ಪಟ್ಟಣವನ್ನು ವರ್ಣಿಸಿದ ಸುಪ್ರಸಿದ್ಧ ಪತ್ರವೊಂದಿದೆ. ರಷ್ಯನ್ನರು, ಪೋಲಿಷರು, ಜರ್ಮನರು, ಯಹೂದಿಗಳು ಒಂದೇ ಬೀದಿಯಲ್ಲಿದ್ದೂ ಒಬ್ಬರನ್ನೊಬ್ಬರು ಶತ್ರುಗಳಂತೆ ಕಾಣುತ್ತಿದ್ದುದನ್ನು ನೋಡಿ ಬಾಲಕನ ಮನಸ್ಸಿನಲ್ಲಿ ಈ ಭಾಷೆಯ ಯೋಚನೆ ಮೊಳೆತದ್ದನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಆ ಪತ್ರವನ್ನು ಅವರು ಬರೆದದ್ದು ರಷ್ಯಾದ ನಿಕೊಲಾಯ್ ಬೊರೊವ್ಕೊ ಎಂಬ ಎಸ್ಪೆರಾಂಟೊ ಕಾರ್ಯಕರ್ತರಿಗೆ. 1896ರಲ್ಲಿ ಅದನ್ನು ಅಚ್ಚುಮಾಡಿದ್ದು ಈ ಉಪ್ಸಾಲಾದ ಪತ್ರಿಕೆಯೇ. ಆ ಹುಡುಗರಿಲ್ಲದಿದ್ದರೆ ಆ ಪತ್ರ ಯಾರದೋ ಪೆಟ್ಟಿಗೆಯ ತಳದಲ್ಲಿ ಉಳಿಯುತ್ತಿತ್ತೋ ಏನೋ.

ಲಾಂಗ್ಲೆಟ್ ಅವರ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮೊದಲ ಪತ್ನಿ ತೀರಿಕೊಂಡ ಮೇಲೆ 1925ರಲ್ಲಿ ಅವರು ಮದುವೆಯಾದದ್ದು ಇದೇ ಬೊರೊವ್ಕೊ ಅವರ ಮಗಳು ನೀನಾ ಅವರನ್ನು. ದಂಪತಿಗಳು ಬುಡಾಪೆಸ್ಟ್ ನಗರದಲ್ಲಿ ನೆಲೆಸಿದರು. ಲಾಂಗ್ಲೆಟ್ ಅವರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸ್ವೀಡಿಷ್ ಭಾಷೆಯ ಅಧ್ಯಾಪಕರು. 1944ರಲ್ಲಿ ನಾಜಿಗಳು ಹಂಗೇರಿಯ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸತೊಡಗಿದಾಗ, ಎಪ್ಪತ್ತರ ಗಡಿ ದಾಟಿದ್ದ ಈ ಮೇಷ್ಟ್ರು ಸ್ವೀಡಿಷ್ ರೆಡ್‌ಕ್ರಾಸ್ ಪ್ರತಿನಿಧಿಯಾಗಿ ರಕ್ಷಣಾಪತ್ರಗಳನ್ನು ಬರೆದು ಹಂಚಿದರು. ಪಡೆದ ಅನುಮತಿಯ ಮಿತಿಯನ್ನು ಮೀರಿಯೇ ಹಂಚಿದರು. ಸಾವಿರಾರು ಜೀವಗಳು ಉಳಿದವು. 1965ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಪತಿಪತ್ನಿಯರಿಬ್ಬರನ್ನೂ ಗೌರವಿಸಿತು. ಎಸ್ಪೆರಾಂಟೊ ಕಲಿತದ್ದರಿಂದಲೇ ಅವರು ಹಾಗೆ ಮಾಡಿದರೆಂದು ನಾನು ವಾದಿಸಲಾರೆ. ಪಾಠಕ್ಕೂ ನಡತೆಗೂ ಅಂತಹ ನೇರ ಸಂಬಂಧವಿದ್ದಿದ್ದರೆ ನಮ್ಮ ವೃತ್ತಿ ಬಹಳ ಸುಲಭವಾಗುತ್ತಿತ್ತು. ಆದರೂ ಹದಿಹರೆಯದಲ್ಲಿ ಅಪರಿಚಿತರಿಗೆ ಓಲೆ ಬರೆಯಲೆಂದು ಸಂಘ ಕಟ್ಟಿದ ಕೈಯೇ ಎಪ್ಪತ್ತೊಂದರಲ್ಲಿ ಅಪರಿಚಿತರಿಗಾಗಿ ಆ ಪತ್ರಗಳಿಗೆ ಸಹಿ ಹಾಕಿತು ಎಂಬುದನ್ನು ನೆನೆದಾಗ ನಾನು ಓದುತ್ತಿದ್ದ ಪುಸ್ತಕವನ್ನು ಸ್ವಲ್ಪ ಹೊತ್ತು ಮಡಚಿಟ್ಟೆ.

ಇಪ್ಪತ್ತನೆಯ ಶತಮಾನದ ಆರಂಭದಿಂದ ಸಂಘಗಳು ಹೆಚ್ಚತೊಡಗಿದವು. ಬ್ರಿಟನ್ನಿನ ಮೊದಲ ಸಂಘ ಹುಟ್ಟಿದ್ದು ಲಂಡನ್ನಿನಲ್ಲಲ್ಲ. 1902ರಲ್ಲಿ, ಯಾರ್ಕ್‌ಷೈರಿನ ಗಿರಣಿಗಳ ಊರಾದ ಕೀತ್ಲಿಯಲ್ಲಿ. 1905ರಲ್ಲಿ ಮೊದಲ ವಿಶ್ವ ಸಮ್ಮೇಳನಕ್ಕೆ ಆತಿಥ್ಯ ನೀಡಿದ್ದು ಪ್ಯಾರಿಸ್ ಅಲ್ಲ, ಫ್ರಾನ್ಸಿನ ಕಡಲತೀರದ ಬುಲೋನ್ ಪಟ್ಟಣ. ಅಲ್ಲಿನ ಸ್ಥಳೀಯ ಸಂಘದ ಮುಖಂಡರಾದ ವಕೀಲ ಆಲ್ಫ್ರೆಡ್ ಮಿಶೋ ಅವರ ಉತ್ಸಾಹದಿಂದ 688 ಜನ ಸೇರಿದರು. ಬೇರೆ ಬೇರೆ ದೇಶಗಳ ಹವ್ಯಾಸಿ ನಟರು ಕೂಡಿ ಮೊಲಿಯೇರನ ಪ್ರಹಸನವೊಂದನ್ನು ಎಸ್ಪೆರಾಂಟೊದಲ್ಲಿ ಆಡಿ ತೋರಿಸಿದರು. ಅಂದಿನವರೆಗೆ ಕಾಗದದ ಮೇಲಿದ್ದ ಭಾಷೆ ಅಲ್ಲಿ ನಗೆಯಾಡಿತು. ಎರಡು ವರ್ಷಗಳ ನಂತರ ಪ್ಯಾರಿಸ್ಸಿನ ಪಂಡಿತರ ಸಮಿತಿಯೊಂದು ಭಾಷೆಯನ್ನು ತಿದ್ದಹೊರಟಿತು. ಅದರಿಂದ "ಈಡೊ" ಎಂಬ ಕವಲು ಒಡೆಯಿತು. ಆಗ ಮುಂದಾಳುಗಳಲ್ಲಿ ಹಲವರು ಹೊಸ ಕವಲಿನ ಹಿಂದೆ ಹೋದರು. ಊರೂರ ಸಂಘಗಳ ಸಾಮಾನ್ಯ ಸದಸ್ಯರು ಮಾತ್ರ ಬಹುಮಟ್ಟಿಗೆ ಕದಲಲಿಲ್ಲ.

ಅಂತಹ ಸಂಘವೊಂದರಲ್ಲಿ ನಡೆಯುತ್ತಿದ್ದುದಾದರೂ ಏನು? ಹೊಸಬರಿಗೆ ಪಾಠ, ಹಳಬರಿಗೆ ಹರಟೆ, ಬೀರುವಿನಲ್ಲಿ ಕೆಲವು ಪುಸ್ತಕ, ಪರದೇಶದಿಂದ ಬಂದ ಅಂಚೆ ಕಾರ್ಡುಗಳನ್ನು ಎಲ್ಲರಿಗೂ ಓದಿ ಹೇಳುವುದು, ಎದೆಯ ಮೇಲೊಂದು ಹಸಿರು ನಕ್ಷತ್ರದ ಬಿಲ್ಲೆ. ಭಾಷೆ ಕಲಿಯಲು ನಿಜಕ್ಕೂ ಸುಲಭ. "ಬೋನ" ಎಂದರೆ ಒಳ್ಳೆಯ, ಹಿಂದೆ "ಮಲ್" ಸೇರಿಸಿದರೆ "ಮಲ್‌ಬೋನ", ಕೆಟ್ಟ. "ಲೆರ್ನಿ" ಎಂದರೆ ಕಲಿಯುವುದು, "ಲೆರ್ನೇಯೊ" ಎಂದರೆ ಕಲಿಯುವ ಜಾಗ, ಅಂದರೆ ಶಾಲೆ. ಪ್ರತ್ಯಯದ ಬಾಲಕ್ಕೆ ಪ್ರತ್ಯಯ ಅಂಟಿಸುವ ನಮ್ಮ ಕನ್ನಡದವರಿಗೆ ಇದು ಹೊಸತೇನಲ್ಲ. ಆದರೂ ಈ ಸಂಘಗಳಲ್ಲಿ ಎರಡು ಹಾಸ್ಯದ ಮಾತುಗಳು ಚಾಲ್ತಿಗೆ ಬಂದವು. ಎಸ್ಪೆರಾಂಟೊ ಕೂಟದಲ್ಲಿ ಕುಳಿತು ಸ್ವಂತ ಭಾಷೆಯಲ್ಲಿಯೇ ಹರಟುವುದಕ್ಕೆ "ಕ್ರೊಕೊದೀಲಿ", ಅಂದರೆ ಮೊಸಳೆಯಾಡುವುದು! ವರ್ಷಗಟ್ಟಲೆ ತರಗತಿಗೆ ಬಂದರೂ ಮೊದಲ ಪಾಠವನ್ನು ದಾಟದವನಿಗೆ "ಎತೆರ್ನ ಕೊಮೆಂತ್ಸಾಂತೊ", ಚಿರಂತನ ಆರಂಭಿಕ. ಇಂತಹವರು ಎಷ್ಟು ಜನವಿದ್ದಿದ್ದರೆ ಒಂದು ಭಾಷೆಯಲ್ಲಿ ಅವರಿಗೊಂದು ಹೆಸರೇ ಹುಟ್ಟಬೇಕು! ಕಾಗುಣಿತ ದಾಟದ ಮಕ್ಕಳ ಬಗ್ಗೆ ಕೊರಗುವ ನನ್ನ ಶಿಷ್ಯನು ಇದನ್ನು ಗಮನಿಸಬೇಕು. ಆ ಚಿರಂತನ ಆರಂಭಿಕರೂ ಚಂದಾ ಕೊಟ್ಟರು, ಕುರ್ಚಿ ಹಾಕಿದರು, ಬಂದ ಅತಿಥಿಗೆ ಊಟ ಬಡಿಸಿದರು.

1908ರಲ್ಲಿ ಜಿನೀವಾದ ಹೆಕ್ಟರ್ ಹೋಡ್ಲರ್ ಎಂಬ ಯುವಕರು ವಿಶ್ವ ಎಸ್ಪೆರಾಂಟೊ ಸಂಸ್ಥೆಯನ್ನು ಸ್ಥಾಪಿಸಿದರು. ಊರೂರಿಗೊಬ್ಬ ಪ್ರತಿನಿಧಿ, ಅವರೆಲ್ಲರ ವಿಳಾಸಗಳಿರುವ ವಾರ್ಷಿಕ ಪುಸ್ತಕ, ಪರವೂರಿನಿಂದ ಬಂದ ಪ್ರಯಾಣಿಕನಿಗೆ ಆ ಪ್ರತಿನಿಧಿಯ ನೆರವು, ಇದು ಅವರ ಯೋಜನೆ. ಮೊದಲ ಮಹಾಯುದ್ಧದಲ್ಲಿ ಶತ್ರುದೇಶಗಳ ನಡುವೆ ಅಂಚೆ ನಿಂತುಹೋದಾಗ, ಬೇರೆಬೇರೆಯಾದ ಕುಟುಂಬಗಳ ಪತ್ರಗಳನ್ನು ಜಿನೀವಾದ ಮೂಲಕ ತಲುಪಿಸಲು ಈ ಬಲೆ ಉಪಯೋಗಕ್ಕೆ ಬಂದಿತು. ಯುದ್ಧಾನಂತರ, 1920ರಲ್ಲಿ, ಟ್ರಾನ್ಸಿಲ್ವೇನಿಯಾದ ಆಂಡ್ರೆಯೊ ಚೆ ಎಂಬ ಪಾದ್ರಿಗಳು ಪಠ್ಯಪುಸ್ತಕವೇ ಇಲ್ಲದೆ, ಹಲವು ಮಾತೃಭಾಷೆಗಳ ಕಾರ್ಮಿಕರನ್ನು ಒಟ್ಟಿಗೆ ಕೂರಿಸಿಕೊಂಡು, ಪ್ರಶ್ನೆ ಕೇಳಿ, ನಗಿಸಿ, ಎಲ್ಲರಿಂದ ಒಕ್ಕೊರಲಿನಿಂದ ಉತ್ತರ ಹೇಳಿಸಿ ಭಾಷೆ ಕಲಿಸಿದರು. ಬಿ.ಎಡ್. ತರಗತಿಯಲ್ಲಿ ನಮಗೆ "ನೇರ ವಿಧಾನ" ಎಂದು ಬೋಧಿಸಿದ್ದನ್ನು ನಾನು ಪರೀಕ್ಷೆಗಾಗಿ ಬರೆದೆನೇ ಹೊರತು ತರಗತಿಯಲ್ಲಿ ಮಾಡಿ ತೋರಿಸಿದ್ದು ಕಡಿಮೆ. ಆಗ ನನ್ನ ಕೈಯಲ್ಲಿದ್ದುದು ಬೆತ್ತ ಮತ್ತು ಕಾಗುಣಿತದ ಪಟ. ನೀವೇ ಸಾಕ್ಷಿ.

ನಮ್ಮ ದೇಶಕ್ಕೂ ಈ ಸಂಘಗಳ ಎಳೆಯೊಂದು ಬಂದಿದೆ. ಶಾಂತಿನಿಕೇತನದ ಕರಕುಶಲ ಶಿಕ್ಷಕ ಲಕ್ಷ್ಮೀಶ್ವರ ಸಿನ್ಹಾ ಅವರು 1928ರಲ್ಲಿ ಸ್ವೀಡನ್ನಿಗೆ ಹೋದವರು ಅಲ್ಲಿ ಎಸ್ಪೆರಾಂಟೊ ಕಲಿತು, ಅದರಲ್ಲಿಯೇ ಭಾರತದ ಕುರಿತು ಊರೂರು ಸುತ್ತಿ ಉಪನ್ಯಾಸ ಮಾಡಿದರು. ಬಂಗಾಳದ ಭಾಷಾವಿಜ್ಞಾನಿ ಪ್ರಬಾಲ್ ದಾಸ್‌ಗುಪ್ತ ಅವರು 2007ರಿಂದ 2013ರವರೆಗೆ ವಿಶ್ವ ಎಸ್ಪೆರಾಂಟೊ ಸಂಸ್ಥೆಯ ಅಧ್ಯಕ್ಷರಾಗಿದ್ದರು.

ಮತ್ತೆ ನ್ಯೂರೆಂಬರ್ಗಿಗೆ ಬರೋಣ. ಮೊದಲ ಸಂಘದ ಸದಸ್ಯರು ಚದುರಿದರೂ ಆ ಊರು ಎಸ್ಪೆರಾಂಟೊವನ್ನು ಪೂರ್ತಿ ಮರೆಯಲಿಲ್ಲ. 1923ರ ಆಗಸ್ಟಿನಲ್ಲಿ ವಿಶ್ವ ಸಮ್ಮೇಳನ ಅಲ್ಲಿ ನಡೆಯಿತು. ಒಂದು ರೊಟ್ಟಿಗೆ ಕಂತೆ ಕಂತೆ ನೋಟು ತೆರಬೇಕಾಗಿದ್ದ ಹಣದುಬ್ಬರದ ವರ್ಷವದು. ಆದರೂ ಸೇರಿದವರು 4963 ಮಂದಿ. 1987ರ ವಾರ್ಸಾ ಸಮ್ಮೇಳನದವರೆಗೆ ಆ ಸಂಖ್ಯೆಯನ್ನು ಯಾರೂ ಮೀರಲಿಲ್ಲ. ಹನ್ನೆರಡೇ ವರ್ಷಗಳ ನಂತರ, 1935ರಲ್ಲಿ, ಅದೇ ನಗರದ ಹೆಸರಿನಲ್ಲಿ ಯಹೂದಿಗಳ ಪೌರತ್ವ ಕಸಿಯುವ ಕಾನೂನುಗಳು ಹೊರಬಿದ್ದವು. ಅದೇ ವರ್ಷದ ಮೇ ತಿಂಗಳಲ್ಲಿ ಶಾಲೆಗಳಲ್ಲಿ ಎಸ್ಪೆರಾಂಟೊ ಬೋಧನೆಯನ್ನು ನಿಷೇಧಿಸಲಾಗಿತ್ತು. 1936ರ ಜೂನಿನಲ್ಲಿ ಹಿಮ್ಲರನ ಆಜ್ಞೆಯಿಂದ ಜರ್ಮನಿಯ ಎಲ್ಲ ಎಸ್ಪೆರಾಂಟೊ ಸಂಘಗಳೂ ವಿಸರ್ಜನೆಗೊಂಡವು. ಸ್ಟಾಲಿನ್ನನ ರಷ್ಯಾದಲ್ಲಿ 1937ರಲ್ಲಿ ಸಂಘದ ಮುಖಂಡ ಡ್ರೆಜೆನ್ ಅವರನ್ನು ಗುಂಡಿಕ್ಕಿ ಕೊಂದರು. ಝಾಮೆನ್‌ಹೋಫ್ ಅವರು 1917ರಲ್ಲಿಯೇ ತೀರಿಕೊಂಡಿದ್ದರು. ಮಕ್ಕಳು ಮೂವರೂ ನಾಜಿಗಳಿಗೆ ಬಲಿಯಾದರು. ಮಗ ಆದಮ್ 1940ರಲ್ಲಿ, ಹೆಣ್ಣುಮಕ್ಕಳಾದ ಸೋಫಿಯಾ ಮತ್ತು ಲಿದಿಯಾ 1942ರಲ್ಲಿ. ಲಿದಿಯಾ ಅವರು ಚೆ ವಿಧಾನದಲ್ಲಿ ಪಾಠ ಹೇಳುತ್ತಾ ದೇಶದೇಶ ತಿರುಗಿದ ಶಿಕ್ಷಕಿ. ಅಮೆರಿಕದಲ್ಲಿ ವೀಸಾ ಮುಂದುವರಿಯದೆ 1938ರಲ್ಲಿ ಪೋಲೆಂಡಿಗೆ ಮರಳಿದ್ದರು.

ವಾರಕ್ಕೊಮ್ಮೆ ಕುಳಿತು ಅಂಚೆ ಕಾರ್ಡು ಓದುವವರಲ್ಲಿ ಅಂತಹ ಸರ್ವಾಧಿಕಾರಿಗಳು ಕಂಡ ಭಯವಾದರೂ ಏನು? ಯಾರ ಅನುಮತಿಯನ್ನೂ ಕೇಳದೆ ಗಡಿಯಾಚೆಯವನೊಡನೆ ನೇರವಾಗಿ ಮಾತನಾಡಬಲ್ಲರು ಎಂಬುದೇ ಇರಬೇಕು. ಯುದ್ಧ ಮುಗಿದ ಮೇಲೆ ಅಳಿದುಳಿದವರು ಮತ್ತೆ ಕುರ್ಚಿಗಳನ್ನು ಜೋಡಿಸಿದರು.

ಶ್ಲೈಯರ್ ಪಾದ್ರಿಗಳನ್ನು ನಾನೇಕೆ ದೂಷಿಸಲಾರೆ ಎಂದು ಹೇಳುವೆನೆಂದಿದ್ದೆನಲ್ಲ. ತೊಂಬತ್ತರ ದಶಕದಲ್ಲಿ ನಾನಿದ್ದ ಶಾಲೆಯೊಂದರಲ್ಲಿ ಕನ್ನಡ ಸಂಘ ನಡೆಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಗೋಡೆ ಪತ್ರಿಕೆ, ಕೈಬರಹದ ವಾರ್ಷಿಕ ಸಂಚಿಕೆ, ಶುಕ್ರವಾರದ ಕೊನೆಯ ಅವಧಿಯಲ್ಲಿ ಕವನ ವಾಚನ, ಒಂದು ಬೀರು ತುಂಬ ಪುಸ್ತಕ. ಆರು ವರ್ಷ ಚೆನ್ನಾಗಿಯೇ ನಡೆಯಿತು. ಆ ಬೀರುವಿನ ಕೀಲಿಕೈ ಮಾತ್ರ ಸದಾ ನನ್ನ ಜೇಬಿನಲ್ಲಿರುತ್ತಿತ್ತು. ಪುಸ್ತಕ ಕಳೆದೀತು ಎಂಬ ನೆಪ. ಗೋಡೆ ಪತ್ರಿಕೆಯ ಪ್ರತಿಯೊಂದು ಸಾಲನ್ನೂ ಕೆಂಪು ಶಾಯಿಯಲ್ಲಿ ತಿದ್ದಿದ ಮೇಲೆಯೇ ಅಂಟಿಸಬೇಕೆಂಬ ಕಟ್ಟಳೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ, "ಈ ತಿಂಗಳು ನಾವೇ ತಿದ್ದಿಕೊಳ್ಳುತ್ತೇವೆ ಸಾರ್" ಎಂದಾಗ, "ಮೊದಲು ಅಲ್ಪಪ್ರಾಣ, ಮಹಾಪ್ರಾಣ ಕಲಿಯಿರಿ" ಎಂದು ಗದರಿದ್ದೆ. ಅನಂತರ ನನಗೆ ವರ್ಗವಾಯಿತು. ಹೊರಡುವ ಗಡಿಬಿಡಿಯಲ್ಲಿ ಕೀಲಿಯನ್ನು ಕಚೇರಿಗೆ ಒಪ್ಪಿಸಿದೆ. ಎರಡು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ಹೋದಾಗ ನೋಡಿದರೆ, ಬೀರು ಹಾಗೆಯೇ ಬೀಗ ಹಾಕಿಕೊಂಡು ನಿಂತಿತ್ತು. ತೆರೆಸಿದೆವು. ಗೆದ್ದಲು ಕೆಳಗಿನ ಎರಡು ಅರೆಗಳನ್ನು ಮುಗಿಸಿತ್ತು. ಸಂಘ ನಾನು ಹೊರಟ ತಿಂಗಳೇ ನಿಂತಿತ್ತಂತೆ. ಬಹಳ ದಿನ ನಾನು ಇದನ್ನು "ನಾನಿಲ್ಲದೆ ನಡೆಯಲಿಲ್ಲ ನೋಡಿ" ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಅದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲವೆಂದು ತಿಳಿಯಲು ನಿವೃತ್ತಿಯಾಗಿ, ವೋಲಾಪ್ಯೂಕಿನ ಕಥೆ ಓದಬೇಕಾಯಿತು.

ಕಳೆದ ವಾರ ನಾನೇ ನ್ಯೂರೆಂಬರ್ಗಿಗೆ ಕರೆ ಮಾಡಿದೆ. ಮುಚ್ಚು ಎಂದೂ ಹೇಳಲಿಲ್ಲ, ಮುಚ್ಚಬೇಡ ಎಂದೂ ಹೇಳಲಿಲ್ಲ. ಆ ಐದು ಮಕ್ಕಳಲ್ಲಿ ಹಿರಿಯದು ಯಾವುದು ಎಂದು ಕೇಳಿದೆ. ಹನ್ನೊಂದು ವರ್ಷದ ಹುಡುಗಿ ಸಾರ್, ತಕ್ಕಮಟ್ಟಿಗೆ ಓದುತ್ತಾಳೆ, ಒತ್ತಕ್ಷರ ಬಂದರೆ ತಡವರಿಸುತ್ತಾಳೆ ಎಂದ. ಮುಂದಿನ ಶನಿವಾರ ಚಿಕ್ಕವರಿಗೆ ಅವಳೇ ಪಾಠ ಹೇಳಲಿ, ನೀನು ಹಿಂದಿನ ಬೆಂಚಿನಲ್ಲಿ ಕುಳಿತುಕೋ, ಅಭ್ಯಾಸ ಇದ್ದೇ ಇದೆಯಲ್ಲ ಎಂದೆ. ನಕ್ಕ. ತಪ್ಪು ಹೇಳಿಕೊಟ್ಟರೆ ಏನು ಮಾಡಲಿ ಸಾರ್ ಎಂದು ಕೇಳಿದ. ಪಾಠದ ನಡುವೆ ತಿದ್ದಬೇಡ ಎಂದೆ. ಇದನ್ನು ಬರೆಯುವ ಹೊತ್ತಿಗೆ ಆ ಶನಿವಾರ ಇನ್ನೂ ಬಂದಿಲ್ಲ.